ಸಾನ್ ಮಿಗೆಲ್‌ಗೆ ಬಂದ ಆ ಪಿಸ್ತೂಲುಗಾರ ನಾಯಕನೇ?

ಓದುಗರ ಪ್ರಶ್ನೆ: ಸರ್ಜಿಯೊ ಲಿಯೋನೆ ನಿರ್ದೇಶನದ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ಚಿತ್ರವನ್ನು ಇತ್ತೀಚೆಗೆ ನೋಡಿದೆ. ಕ್ಲಿಂಟ್ ಈಸ್ಟ್‌ವುಡ್ ಪಾತ್ರಧಾರಿ ಎರಡೂ ಕಡೆಯವರಿಂದ ಹಣ ಪಡೆಯುತ್ತಾನೆ, ಇಬ್ಬರಿಗೂ ಸುಳ್ಳು ಹೇಳುತ್ತಾನೆ, ಪುಟ್ಟ ಹುಡುಗನ ಕಾಲಬುಡಕ್ಕೆ ಗುಂಡು ಹಾರಿಸುತ್ತಿದ್ದರೂ ಸುಮ್ಮನೆ ನೀರು ಕುಡಿಯುತ್ತಾ ನಿಲ್ಲುತ್ತಾನೆ. ಇಂಥವನನ್ನು ನಾಯಕ ಎನ್ನುವುದು ಹೇಗೆ? ಇದು ಜಪಾನಿನ ಕುರೊಸಾವಾ ಅವರ ಚಿತ್ರದ ನಕಲು ಎಂದೂ ಕೇಳಿದ್ದೇನೆ. ಹಾಗಿದ್ದ ಮೇಲೆ ಇದಕ್ಕೆ ಇಷ್ಟು ಮನ್ನಣೆ ಏಕೆ? ಇನ್ನೊಂದು ಸಂದೇಹವಿದೆ. ಆತ ಜೈಲಿನಿಂದ ಬಿಡುಗಡೆಯಾಗಿ ಮೆಕ್ಸಿಕೋ ಗಡಿಯ ಸಾನ್ ಮಿಗೆಲ್ ಊರಿಗೆ ಹೊರಡುವ ಆರಂಭದ ದೃಶ್ಯವೊಂದು ಅಂತರ್ಜಾಲದಲ್ಲಿ ಸಿಕ್ಕಿತು. ನಾನು ನೋಡಿದ ಪ್ರತಿಯಲ್ಲಿ ಅದು ಇರಲಿಲ್ಲ. ಸರಿಯಾದ ಪ್ರತಿ ಯಾವುದು?

ಉತ್ತರ: ಮೂರು ಪ್ರಶ್ನೆಗಳಲ್ಲಿ ಕೊನೆಯದನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದೆರಡಕ್ಕೂ ದಾರಿ ಅಲ್ಲಿಂದಲೇ ತೆರೆಯುತ್ತದೆ. ನೀವು ಕಂಡ ಜೈಲಿನ ದೃಶ್ಯವನ್ನು ಲಿಯೋನೆ ಚಿತ್ರೀಕರಿಸಲಿಲ್ಲ. 1964ರಲ್ಲಿ ಇಟಲಿಯಲ್ಲಿ ತೆರೆಕಂಡ ಮೂಲ ಚಿತ್ರದಲ್ಲಾಗಲಿ, 1967ರ ಜನವರಿಯಲ್ಲಿ ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆ ಅಮೆರಿಕದ ಚಿತ್ರಮಂದಿರಗಳಿಗೆ ತಂದ ಪ್ರತಿಯಲ್ಲಾಗಲಿ ಅದು ಇರಲಿಲ್ಲ. 1970ರ ದಶಕದಲ್ಲಿ ಅಮೆರಿಕದ ಎಬಿಸಿ ಟೆಲಿವಿಷನ್ ಜಾಲವು ಈ ಚಿತ್ರವನ್ನು ಪ್ರಸಾರ ಮಾಡಲು ಹೊರಟಾಗ, ದುಡ್ಡಿಗಾಗಿ ಕೊಂದು ಯಾವ ಶಿಕ್ಷೆಯೂ ಇಲ್ಲದೆ ಹೊರಟುಹೋಗುವ ಒಬ್ಬ ನಾಯಕನನ್ನು ಕುಟುಂಬಗಳ ಮುಂದೆ ಹಾಗೆಯೇ ನಿಲ್ಲಿಸಲು ಹಿಂಜರಿಯಿತು. ಆದ್ದರಿಂದ ಮಾಂಟಿ ಹೆಲ್‌ಮನ್ ಎಂಬ ನಿರ್ದೇಶಕರಿಂದ ಕೆಲವು ನಿಮಿಷಗಳ ಪೀಠಿಕೆಯೊಂದನ್ನು ಮಾಡಿಸಿ ಚಿತ್ರದ ಮುಂದೆ ಅಂಟಿಸಲಾಯಿತು. ಅದರಲ್ಲಿ ಹ್ಯಾರಿ ಡೀನ್ ಸ್ಟ್ಯಾಂಟನ್ ಜೈಲಿನ ಅಧಿಕಾರಿಯಾಗಿ ಕಾಣಿಸಿಕೊಂಡು, ಸಾನ್ ಮಿಗೆಲ್‌ನಲ್ಲಿ ಬೀಡುಬಿಟ್ಟಿರುವ ಎರಡು ದುಷ್ಟ ಗುಂಪುಗಳನ್ನು ನಿರ್ಮೂಲ ಮಾಡಿದರೆ ನಿನಗೆ ಬಿಡುಗಡೆ ಎಂದು ಕೈದಿಗೆ ಹೇಳುತ್ತಾನೆ. ಪೋಂಚೊ ಎಂಬ ಕಂಬಳಿಯಂಥ ಮೇಲುಹೊದಿಕೆ ಹೊದ್ದ ಆ ಕೈದಿ ಈಸ್ಟ್‌ವುಡ್ ಅಲ್ಲ. ಬೇರೊಬ್ಬನನ್ನು ಮುಖ ಕಾಣದಂತೆ ನಿಲ್ಲಿಸಿ, ಚಿತ್ರದೊಳಗಿನ ಈಸ್ಟ್‌ವುಡ್ ಕಣ್ಣುಗಳ ಸಮೀಪದ ಚಿತ್ರಿಕೆಗಳನ್ನು ನಡುನಡುವೆ ಸೇರಿಸಿದ್ದಾರೆ.

ಆ ಪೀಠಿಕೆ ಏನು ಮಾಡುತ್ತದೆ ನೋಡಿ. ಆತನ ಪ್ರತಿಯೊಂದು ಕೊಲೆಗೂ ಮುಂಚಿತವಾಗಿಯೇ ಸರಕಾರದ ಮೊಹರು ಬೀಳುತ್ತದೆ. ಆತ ಇನ್ನು ಮುಂದೆ ಏನು ಮಾಡಿದರೂ ಅದು ಆದೇಶದ ಪಾಲನೆಯಾಗುತ್ತದೆ. ನಿಮ್ಮನ್ನು ಕಾಡಿದ ಇರುಸುಮುರುಸೇ ಆ ಟೆಲಿವಿಷನ್ ಅಧಿಕಾರಿಗಳನ್ನೂ ಕಾಡಿತ್ತು. ಅವರು ಅದನ್ನು ತೆಗೆದುಹಾಕಿದರು, ತೆಗೆದುಹಾಕಿದ ಕೂಡಲೇ ಚಿತ್ರವೂ ಕುಸಿಯಿತು. ಅಂದರೆ ಆ ಇರುಸುಮುರುಸು ಚಿತ್ರದಲ್ಲಿ ಆಕಸ್ಮಿಕವಾಗಿ ಉಳಿದುಹೋದ ಕೊರತೆಯಲ್ಲ, ಇಡೀ ಕಟ್ಟಡ ನಿಂತಿರುವ ಅಡಿಗಲ್ಲೇ ಅದು ಎಂಬುದು ನನ್ನ ಅಭಿಪ್ರಾಯ.

ಈಗ ನೀವು ಪ್ರಸ್ತಾಪಿಸಿದ ಬಾವಿಯ ದೃಶ್ಯಕ್ಕೆ ಬರೋಣ. ಹೇಸರಗತ್ತೆಯ ಮೇಲೆ ಒಬ್ಬ ಆಗಂತುಕ ಬರುತ್ತಾನೆ. ಎದುರುಬದುರು ಎರಡು ಬಿಳಿ ಮನೆಗಳು, ನಡುವೆ ಬಾವಿ. ಆತ ನೀರು ಸೇದಿ ಕುಡಿಯುತ್ತಿರುವಾಗ ಹೆಸೂಸ್ ಎಂಬ ಪುಟ್ಟ ಹುಡುಗ ಒಂದು ಮನೆಯಿಂದ ಹೊರಬಂದು ಎದುರುಮನೆಯೊಳಗೆ ನುಸುಳಲು ಹೋಗುತ್ತಾನೆ. ಒಳಗಿದ್ದವರು ಅವನನ್ನು ಒದ್ದು ಹೊರಗೆ ತಳ್ಳಿ, ಓಡುತ್ತಿರುವ ಅವನ ಕಾಲಬುಡಕ್ಕೆ ಗುಂಡು ಹಾರಿಸುತ್ತಾರೆ. ಎತ್ತಿಕೊಳ್ಳಲು ಬಂದ ತಂದೆಯನ್ನು ಹೊಡೆದು ಕೆಡವುತ್ತಾರೆ. ಆಗಂತುಕ ಸುಮ್ಮನೆ ನೋಡುತ್ತಾನೆ. ಕಿಟಕಿಯಲ್ಲಿ ಒಬ್ಬ ಹೆಂಗಸು ಕಾಣುತ್ತಾಳೆ, ಇಬ್ಬರ ಕಣ್ಣೂ ಒಂದು ಕ್ಷಣ ಸೇರುತ್ತವೆ, ಅವಳು ಕಿಟಕಿ ಮುಚ್ಚುತ್ತಾಳೆ. ಆತ ಹೇಸರಗತ್ತೆ ಹತ್ತಿ ಮುಂದೆ ಹೋಗುತ್ತಾನೆ. ಮಾತಿಲ್ಲ. ಅದೇ ಕಾಲದ ಯಾವುದೇ ಹಾಲಿವುಡ್ ವೆಸ್ಟರ್ನ್ (ಅಮೆರಿಕದ ಪಶ್ಚಿಮ ಗಡಿನಾಡಿನ ಪಿಸ್ತೂಲುಗಾರರ ಕಥೆಯ ಚಿತ್ರ) ಆಗಿದ್ದರೆ ನಾಯಕ ಆ ಕ್ಷಣದಲ್ಲೇ ಪಿಸ್ತೂಲಿಗೆ ಕೈಹಾಕಿ ತಾನು ಯಾರ ಪಕ್ಷ ಎಂಬುದನ್ನು ಪ್ರೇಕ್ಷಕರಿಗೆ ಖಾತರಿಪಡಿಸಬೇಕಿತ್ತು. ಲಿಯೋನೆ ಆ ಖಾತರಿಯನ್ನು ಕೊಡುವುದಿಲ್ಲ. ಆದರೆ ಎರಡು ಸಂಗತಿಗಳನ್ನು ಜಾಣತನದಿಂದ ಬಿತ್ತಿಡುತ್ತಾರೆ: ಆತ ಕಂಡಿದ್ದಾನೆ, ಆತ ಕಂಡದ್ದನ್ನು ಆಕೆ ಕಂಡಿದ್ದಾಳೆ.

ಊರೊಳಗೆ ಹೋಗುವಾಗ ಆತನಿಗೆ ಎದುರಾಗುವುದು ಕುದುರೆಯ ಮೇಲೆ ಕಟ್ಟಿ ಕಳುಹಿಸಿದ ಒಂದು ಹೆಣ. ಆಮೇಲೆ ಸಿಗುವ ಗಂಟೆ ಬಾರಿಸುವವನು, ಇಲ್ಲಿಗೆ ಬಂದವನು ಒಂದೋ ಸಿರಿವಂತನಾಗುತ್ತಾನೆ ಇಲ್ಲವೇ ಸಾಯುತ್ತಾನೆ ಎಂಬರ್ಥದ ಮಾತಾಡುತ್ತಾನೆ. ಹೋಟೆಲಿನ ಸಿಲ್ವನಿಟೊ ಹೇಳುವಂತೆ ಊರಿನಲ್ಲಿ ಉಳಿದಿರುವವರು ಹೆಚ್ಚಾಗಿ ವಿಧವೆಯರು. ಚೆನ್ನಾಗಿ ನಡೆಯುತ್ತಿರುವ ಕಸುಬು ಒಂದೇ, ಮುದುಕ ಪಿರಿಪೆರೊನ ಶವಪೆಟ್ಟಿಗೆ ತಯಾರಿಕೆ. ಒಂದು ಕಡೆ ಹೆಂಡದ ವ್ಯಾಪಾರ ಮಾಡುವ ರೋಹೋ ಸಹೋದರರು, ಇನ್ನೊಂದು ಕಡೆ ಬಂದೂಕಿನ ವ್ಯಾಪಾರ ಮಾಡುವ ಬ್ಯಾಕ್ಸ್ಟರ್ ಕುಟುಂಬ. ಹೊಲ, ದನ, ಶಾಲೆ, ಬೆವರು ಸುರಿಸುವ ಒಬ್ಬ ಮನುಷ್ಯ, ಯಾವುದೂ ಈ ಊರಿನಲ್ಲಿ ಕಾಣುವುದಿಲ್ಲ. ಹಾಲಿವುಡ್ ವೆಸ್ಟರ್ನ್‌ಗಳಲ್ಲಿ ಪಿಸ್ತೂಲುಗಾರ ರಕ್ಷಿಸುವುದಕ್ಕೆ ಒಂದು ಸಮಾಜ ಇರುತ್ತಿತ್ತು. ಇಲ್ಲಿ ರಕ್ಷಿಸಲು ಏನು ಉಳಿದಿದೆ?

ಇದು ಅತ್ಯಂತ ಸ್ಪಷ್ಟವಾಗುವುದು ಹೇಸರಗತ್ತೆಯ ಪ್ರಸಂಗದಲ್ಲಿ. ಊರಿಗೆ ಬಂದಾಗ ಬ್ಯಾಕ್ಸ್ಟರ್ ಕಡೆಯವರು ಗುಂಡು ಹಾರಿಸಿ ಆತನ ಪ್ರಾಣಿಯನ್ನು ಬೆದರಿಸಿ ನಕ್ಕಿರುತ್ತಾರೆ. ಆತ ಅವರ ಮನೆಯ ಕಡೆ ನಡೆಯುವಾಗ, ಹಾದಿಯಲ್ಲಿ ಪಿರಿಪೆರೊನಿಗೆ ಮೂರು ಪೆಟ್ಟಿಗೆ ಸಿದ್ಧಮಾಡು ಎಂದು ಹೇಳುತ್ತಾನೆ. ಬೇಲಿಯ ಮೇಲೆ ಕುಳಿತವರ ಮುಂದೆ ನಿಂತು, ನನ್ನ ಹೇಸರಗತ್ತೆಗೆ ಬೇಸರವಾಗಿದೆ, ನೀವು ತನ್ನನ್ನು ನೋಡಿ ನಕ್ಕಿರೆಂದು ಅದು ತಿಳಿದುಕೊಂಡಿದೆ, ಕ್ಷಮೆ ಕೇಳಿ ಎನ್ನುತ್ತಾನೆ. ಮೊದಲು ಎಲ್ಲರೂ ನಗುತ್ತಾರೆ. ಪೋಂಚೊದ ಅಂಚು ಭುಜದ ಮೇಲೆ ಹೋದಾಗ ನಗು ಒಂದೊಂದೇ ಮುಖದಿಂದ ಇಳಿಯುತ್ತದೆ. ನಾಲ್ವರು ಸಾಯುತ್ತಾರೆ. ಬ್ಯಾಕ್ಸ್ಟರ್ ಹೊರಬಂದು ತಾನೇ ಈ ಊರಿನ ಷರೀಫ್ ಎಂದು ಬಿಲ್ಲೆ ತೋರಿಸಿದಾಗ, ಹಾಗಾದರೆ ಇವರನ್ನು ಮಣ್ಣುಮಾಡುವುದು ನಿನ್ನ ಕೆಲಸ ಎಂಬಂತೆ ಆತ ಉತ್ತರಿಸುತ್ತಾನೆ. ಹಿಂತಿರುಗುವಾಗ ಪಿರಿಪೆರೊನಿಗೆ ಲೆಕ್ಕ ತಿದ್ದಿ ಹೇಳುತ್ತಾನೆ: ತಪ್ಪಾಯಿತು, ನಾಲ್ಕು ಪೆಟ್ಟಿಗೆ.

ಈ ದೃಶ್ಯವನ್ನು ಬರಿಯ ಗತ್ತಿನ ಪ್ರದರ್ಶನವಾಗಿ ನೋಡುವವರೇ ಹೆಚ್ಚು. ಅದರ ನಿಜವಾದ ತಿರುಳು ಆ ಬಿಲ್ಲೆಯಲ್ಲಿದೆ. ಕಾನೂನಿನ ಚಿಹ್ನೆ ಒಂದು ಗುಂಪಿನ ಯಜಮಾನನ ಎದೆಯ ಮೇಲಿದೆ, ಅದಕ್ಕೆ ಯಾರೂ ಬೆಲೆ ಕೊಡುವುದಿಲ್ಲ, ಕೊಡಬೇಕೆಂದು ಚಿತ್ರವೂ ಹೇಳುವುದಿಲ್ಲ. 1929ರಲ್ಲಿ ರೋಮ್‌ನಲ್ಲಿ ಹುಟ್ಟಿ ಮುಸೊಲಿನಿಯ ಆಳ್ವಿಕೆಯಲ್ಲಿ ಬೆಳೆದ ನಿರ್ದೇಶಕನೊಬ್ಬ ಸಮವಸ್ತ್ರ ಮತ್ತು ಬಿಲ್ಲೆಗಳನ್ನು ಹೀಗೆ ನೋಡಿದ್ದರಲ್ಲಿ ನನಗೆ ಆಶ್ಚರ್ಯ ಕಾಣುವುದಿಲ್ಲ. ಮುಂದೆ ರಾಮೋನ್ ರೋಹೋ ಅಮೆರಿಕನ್ ಸೇನೆಯ ಸಮವಸ್ತ್ರ ಧರಿಸಿ ಮೆಕ್ಸಿಕೋದ ಸೈನಿಕರನ್ನು ನದಿಯ ದಂಡೆಯಲ್ಲಿ ಕೊಚ್ಚಿಹಾಕುವುದೂ ಇದೇ ಮಾತಿನ ಮುಂದುವರಿಕೆ. ಸಿನಿಕತೆ ಆಗಂತುಕನೊಡನೆ ಊರಿಗೆ ಬಂದದ್ದಲ್ಲ. ಅದು ಮೊದಲೇ ಆ ಊರಿನ ದೈನಂದಿನ ವ್ಯವಹಾರವಾಗಿತ್ತು. ಆತ ಅದನ್ನು ಎಲ್ಲರಿಗಿಂತ ಬೇಗ ಅರ್ಥಮಾಡಿಕೊಂಡ. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಎಂಬ ನಮ್ಮ ಗಾದೆಯನ್ನು ಆತ ಒಂದು ಕಸುಬಾಗಿ ಮಾಡಿಕೊಳ್ಳುತ್ತಾನೆ.

ಅಷ್ಟೇ ಆಗಿದ್ದರೆ ನಿಮ್ಮ ಆಕ್ಷೇಪಕ್ಕೆ ನಾನು ಒಪ್ಪಿ ಸಹಿ ಹಾಕುತ್ತಿದ್ದೆ. ಆದರೆ ಚಿತ್ರದ ಮಧ್ಯಭಾಗದಲ್ಲಿ ಆತ ಒಂದೇ ಒಂದು ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತಾನೆ. ಕಿಟಕಿಯಲ್ಲಿ ಕಂಡ ಮರಿಸೋಲ್ ಆ ಹುಡುಗನ ತಾಯಿ. ರಾಮೋನ್ ಅವಳನ್ನು ಗಂಡನಿಂದಲೂ ಮಗುವಿನಿಂದಲೂ ಕಿತ್ತುಕೊಂಡು ಇಟ್ಟುಕೊಂಡಿದ್ದಾನೆ. ಎರಡು ಗುಂಪುಗಳು ಒತ್ತೆಯಾಳುಗಳನ್ನು ಬದಲಾಯಿಸಿಕೊಳ್ಳುವಾಗ ಹುಡುಗ ಅಮ್ಮನ ಕಡೆಗೆ ಓಡಿಬಂದು, ಮತ್ತೆ ಅವಳಿಂದ ಬೇರ್ಪಡುವುದನ್ನು ಆತ ನೋಡುತ್ತಾನೆ. ಅಂದು ರಾತ್ರಿ ಕಾವಲಿನವರನ್ನು ಕೊಂದು ಅವಳನ್ನು ಬಿಡಿಸುತ್ತಾನೆ, ತಾನು ಗಳಿಸಿದ ಹಣವನ್ನು ಆ ಕುಟುಂಬದ ಕೈಗಿಟ್ಟು ಗಡಿ ದಾಟಿ ಹೋಗಿ ಎನ್ನುತ್ತಾನೆ. ನಮಗೇಕೆ ಇದನ್ನೆಲ್ಲ ಮಾಡುತ್ತಿದ್ದೀರಿ ಎಂದು ಅವಳು ಕೇಳಿದಾಗ, ಹಿಂದೆ ನಿನ್ನಂಥ ಒಬ್ಬಳನ್ನು ಬಲ್ಲೆ, ಆಗ ಸಹಾಯಕ್ಕೆ ಯಾರೂ ಇರಲಿಲ್ಲ ಎಂಬಷ್ಟನ್ನು ಮಾತ್ರ ಹೇಳಿ, ಬೇಗ ಹೊರಡಿ ಎಂದು ಗದರುತ್ತಾನೆ. ಆತನ ಪೂರ್ವಕಥೆಯ ಬಗ್ಗೆ ಇಡೀ ಚಿತ್ರದಲ್ಲಿ ಸಿಗುವುದು ಅಷ್ಟೇ. ಬರೆದಿದ್ದ ಚಿತ್ರಕಥೆಯಲ್ಲಿ ಆತನ ಮಾತು ಹೆಚ್ಚಾಗಿತ್ತು. ಅದನ್ನು ಕತ್ತರಿಸುವಂತೆ ಒತ್ತಾಯಿಸಿದವರು ಈಸ್ಟ್‌ವುಡ್. ಅಷ್ಟು ವಿವರಣೆ ಇದ್ದರೆ ಪಾತ್ರದ ನಿಗೂಢತೆ ಉಳಿಯುವುದಿಲ್ಲ ಎಂಬುದು ಅವರ ವಾದ, ಮತ್ತು ಅದು ಸರಿಯಾದ ವಾದ.

ಗಮನಿಸಬೇಕಾದದ್ದು ಇಲ್ಲಿಂದ ಮುಂದೆ. ಆತ ಹೇಳಿದ ಸುಳ್ಳುಗಳಿಗೆ, ಮಾಡಿದ ಕೊಲೆಗಳಿಗೆ, ಸತ್ತ ಸೈನಿಕರಿಬ್ಬರ ಹೆಣಗಳನ್ನು ಸ್ಮಶಾನದಲ್ಲಿ ಜೀವಂತ ಸಾಕ್ಷಿಗಳಂತೆ ಕೂರಿಸಿ ಎರಡೂ ಕಡೆಯವರಿಗೆ ಸುದ್ದಿ ಮಾರಿದ್ದಕ್ಕೆ ಯಾವ ದಂಡವೂ ಬೀಳುವುದಿಲ್ಲ. ದಂಡ ಬೀಳುವುದು ಮರಿಸೋಲ್‌ಳನ್ನು ಬಿಡಿಸಿದ್ದಕ್ಕೆ. ರಾಮೋನ್‌ನ ಜನ ಆತನ ಮುಖ ಗುರುತು ಸಿಗದಂತೆ ಜಜ್ಜುತ್ತಾರೆ, ಕೈಯನ್ನು ತುಳಿಯುತ್ತಾರೆ, ಆತ ಹಲಗೆಗಳ ಕೆಳಗೆ ತೆವಳಿಕೊಂಡು ತಪ್ಪಿಸಿಕೊಳ್ಳುತ್ತಾನೆ. ಚಿತ್ರದ ನೈತಿಕ ಲೆಕ್ಕ ಬಹಳ ಕ್ರೂರವಾದದ್ದು: ಈ ಊರಿನಲ್ಲಿ ದುರಾಸೆಗೆ ಕೂಲಿ ಸಿಗುತ್ತದೆ, ಕರುಣೆಗೆ ಏಟು ಸಿಗುತ್ತದೆ. ಹಾಗಿದ್ದೂ ಆತ ಆ ಕೆಲಸ ಮಾಡಿದ ಎಂಬುದರಿಂದಲೇ ಆ ಒಂದು ದೃಶ್ಯಕ್ಕೆ ತೂಕ ಬಂದಿದೆ. ಜೈಲಿನ ಪೀಠಿಕೆ ಸೇರಿಸಿದರೆ ಈ ತೂಕವೇ ಇಲ್ಲವಾಗುತ್ತದೆ, ಏಕೆಂದರೆ ಆಗ ಮರಿಸೋಲ್‌ಳ ಬಿಡುಗಡೆಯೂ ಒಪ್ಪಂದದ ಒಂದು ಕಂತಿನಂತೆ ಕಾಣುತ್ತದೆ.

ಆದರೂ ಆತನನ್ನು ತೊಳೆದು ಶುಭ್ರಗೊಳಿಸುವುದು ನನ್ನ ಉದ್ದೇಶವಲ್ಲ. ಚಿತ್ರದ ಉದ್ದೇಶವೂ ಅದಲ್ಲ. ಪಿರಿಪೆರೊ ಆತನನ್ನು ಶವಪೆಟ್ಟಿಗೆಯಲ್ಲಿಟ್ಟು ಊರಿನಿಂದ ಸಾಗಿಸುತ್ತಿರುವಾಗ ದಾರಿಯಲ್ಲಿ ಬ್ಯಾಕ್ಸ್ಟರ್ ಮನೆ ಹೊತ್ತಿ ಉರಿಯುತ್ತಿದೆ. ಆತನೇ ಅಲ್ಲಿ ಅಡಗಿದ್ದಾನೆಂದು ನಂಬಿ ರೋಹೋಗಳು ಬೆಂಕಿ ಹಚ್ಚಿದ್ದಾರೆ. ಹೊಗೆಯಿಂದ ಉಸಿರುಗಟ್ಟಿ ಹೊರಬಂದು ಶರಣಾಗುವವರನ್ನೆಲ್ಲ ಸಾಲಾಗಿ ಕೊಲ್ಲುತ್ತಾರೆ; ಕೊನೆಗೆ ಗಂಡ ಮತ್ತು ಮಗನ ಹೆಣದ ಬಳಿ ನಿಂತು ಶಪಿಸುವ ಕೊನ್ಸುವೆಲೊ ಬ್ಯಾಕ್ಸ್ಟರ್‌ಳನ್ನೂ ಬಿಡುವುದಿಲ್ಲ. ಆಗಂತುಕ ಗಾಡಿ ನಿಲ್ಲಿಸಲು ಹೇಳಿ, ಪೆಟ್ಟಿಗೆಯ ಮುಚ್ಚಳ ಎತ್ತಿ ಇದನ್ನು ನೋಡುತ್ತಾನೆ. ಬಾವಿಯ ಬಳಿ ನೋಡಿದ್ದೂ ಇದೇ ಕಣ್ಣುಗಳೇ, ಆದರೆ ಈಗ ನಡೆಯುತ್ತಿರುವುದು ಆತ ಹಚ್ಚಿದ ಕಿಡಿಯ ಫಲ. ಆತ ಏನು ಯೋಚಿಸುತ್ತಿದ್ದಾನೆಂದು ಲಿಯೋನೆ ಹೇಳುವುದಿಲ್ಲ, ಊದಿಕೊಂಡ ಆ ಮುಖದಿಂದ ನಾವು ಓದಿಕೊಳ್ಳುವುದಕ್ಕೂ ಆಗುವುದಿಲ್ಲ. ಆತ ನಾಯಕನೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಕಥೆ ಆತನನ್ನು ಹಿಂಬಾಲಿಸುತ್ತದೆ ಎಂಬ ಅರ್ಥದಲ್ಲಿ ನಾಯಕ, ನಾವು ಅನುಕರಿಸಬೇಕಾದವನು ಎಂಬ ಅರ್ಥದಲ್ಲಿ ಅಲ್ಲ, ಆ ಇಡೀ ಊರಿನಲ್ಲಿ ಒಮ್ಮೆಯಾದರೂ ಲಾಭವಿಲ್ಲದ ಕೆಲಸಕ್ಕೆ ಜೀವ ಪಣಕ್ಕಿಟ್ಟವನು ಎಂಬ ಕಾರಣಕ್ಕೆ ನಮ್ಮ ಮನಸ್ಸು ಆತನ ಕಡೆ ವಾಲುತ್ತದೆ.

ಇಂಥ ಪಾತ್ರ ಹುಟ್ಟಿದ್ದರಲ್ಲಿ ಬಡತನದ ಪಾಲೂ ದೊಡ್ಡದು ಎಂಬುದನ್ನು ಹೇಳಲೇಬೇಕು. ರೋಮ್‌ನ ಜಾಲಿ ಫಿಲ್ಮ್, ಜರ್ಮನಿಯ ಕಾನ್‌ಸ್ಟಾಂಟಿನ್, ಸ್ಪೇನಿನ ಓಶನ್ ಫಿಲ್ಮ್ಸ್ ಎಂಬ ಮೂರು ಸಂಸ್ಥೆಗಳು ಸೇರಿ ಹಾಕಿದ ಬಂಡವಾಳ ಸುಮಾರು 2 ಲಕ್ಷ ಡಾಲರ್ ಮಾತ್ರ. ಜಾಲಿ ಫಿಲ್ಮ್‌ನವರಿಗೆ ಅದೇ ಹೊತ್ತಿನಲ್ಲಿ ತಯಾರಾಗುತ್ತಿದ್ದ ಇನ್ನೊಂದು ವೆಸ್ಟರ್ನ್ ಮುಖ್ಯವಾಗಿತ್ತು. ಲಿಯೋನೆಗೆ ಸಿಕ್ಕಿದ್ದು ಹೆಚ್ಚುಕಡಿಮೆ ಅದರ ಮಿಕ್ಕುಳಿದ ಸೌಲಭ್ಯಗಳು. ಊರಿನ ಬೀದಿಗೆ ಮ್ಯಾಡ್ರಿಡ್ ಬಳಿಯ ಹೋಯೊ ದೆ ಮನ್ಸನಾರೆಸ್‌ನಲ್ಲಿ ಮೊದಲೇ ನಿಂತಿದ್ದ ಸೆಟ್, ಬಯಲಿಗೆ ಆಲ್ಮೆರಿಯಾ ಪ್ರಾಂತ್ಯದ ಒಣನೆಲ. ಹೆನ್ರಿ ಫೋಂಡಾ ಬೇಕಿತ್ತು, ಎಟುಕಲಿಲ್ಲ. ಜೇಮ್ಸ್ ಕೋಬರ್ನ್ 25,000 ಡಾಲರ್ ಕೇಳಿದರು, ಅದೂ ಹೆಚ್ಚಾಯಿತು. ‘ರಾಹೈಡ್’ ಎಂಬ ಟೆಲಿವಿಷನ್ ಧಾರಾವಾಹಿಯಲ್ಲಿ ಒಳ್ಳೆಯ ಹುಡುಗನ ಪಾತ್ರ ಮಾಡಿ ಬೇಸತ್ತಿದ್ದ ಈಸ್ಟ್‌ವುಡ್ 15,000 ಡಾಲರಿಗೆ ಒಪ್ಪಿಕೊಂಡರು. ಇವರಿಗೆ ಇಟಾಲಿಯನ್ ಬಾರದು, ಲಿಯೋನೆಗೆ ಇಂಗ್ಲಿಷ್ ಬಾರದು. ಸಾಹಸ ಕಲಾವಿದ ಬೆನಿಟೊ ಸ್ತೆಫನೆಲ್ಲಿ ನಡುವೆ ನಿಂತು ಮಾತು ದಾಟಿಸುತ್ತಿದ್ದರು. ಒಬ್ಬೊಬ್ಬ ನಟ ಒಂದೊಂದು ಭಾಷೆಯಲ್ಲಿ ಸಂಭಾಷಣೆ ಹೇಳುತ್ತಿದ್ದ ಆ ಸೆಟ್ಟಿನಲ್ಲಿ ಮಾತಿಗಿಂತ ಮುಖ, ಕೈ, ನಡಿಗೆಗಳೇ ನಂಬಿಕೆಗೆ ಅರ್ಹವಾದ ಸಾಮಗ್ರಿಯಾದದ್ದು ಸಹಜ. ಈಸ್ಟ್‌ವುಡ್ ಸಿಗಾರ್ ಸೇದುವವರಲ್ಲ; ಆ ಕಟುವಾದ ಹೊಗೆ ಬಾಯಿಗೆ ಹೋದಾಗ ಬರುವ ಕಿರಿಕಿರಿಯೇ ಪಾತ್ರಕ್ಕೆ ಬೇಕಾದ ಮುಖಭಾವ ತಂದುಕೊಟ್ಟಿತೆಂದು ಅವರೇ ಹೇಳಿಕೊಂಡಿದ್ದಾರೆ.

ಕ್ಯಾಮೆರಾದ ವಿಷಯದಲ್ಲೂ ಮಿತವ್ಯಯವೇ ಶೈಲಿಯಾಯಿತು. ಈ ಚಿತ್ರವನ್ನು ಟೆಕ್ನಿಸ್ಕೋಪ್ ಎಂಬ ಪದ್ಧತಿಯಲ್ಲಿ ತೆಗೆದಿದ್ದಾರೆ. ಸಾಮಾನ್ಯ 35 ಮಿ.ಮೀ. ಫಿಲಂನಲ್ಲಿ ಒಂದು ಚೌಕಟ್ಟು ಅಂಚಿನ ನಾಲ್ಕು ರಂಧ್ರಗಳಷ್ಟು ಎತ್ತರವಿದ್ದರೆ, ಇದರಲ್ಲಿ ಎರಡೇ ರಂಧ್ರಗಳಷ್ಟು. ಆದ್ದರಿಂದ ಅದೇ ಉದ್ದದ ಫಿಲಂ ಎರಡರಷ್ಟು ಹೊತ್ತು ಓಡುತ್ತದೆ, ಕಚ್ಚಾ ಫಿಲಂ ಖರ್ಚು ಅರ್ಧಕ್ಕಿಳಿಯುತ್ತದೆ. ಅಗಲ ಪರದೆಗೆ ಬೇಕಾಗುತ್ತಿದ್ದ, ದೃಶ್ಯವನ್ನು ಅಡ್ಡಕ್ಕೆ ಕುಗ್ಗಿಸಿ ಹಿಡಿಯುವ ಭಾರದ ಅನಾಮಾರ್ಫಿಕ್ ಲೆನ್ಸ್‌ಗಳ ಅಗತ್ಯವಿಲ್ಲ. ಸಾಮಾನ್ಯ ಲೆನ್ಸ್‌ಗಳೇ ಸಾಕು, ಅವು ಮುಖದ ತೀರಾ ಹತ್ತಿರಕ್ಕೆ ಹೋದರೂ ಸ್ಪಷ್ಟವಾಗಿ ಹಿಡಿಯುತ್ತವೆ, ಹಿನ್ನೆಲೆಯೂ ಅಷ್ಟಾಗಿ ಮಸುಕಾಗುವುದಿಲ್ಲ. ಪರದೆಯ ಈ ತುದಿಯಿಂದ ಆ ತುದಿಯವರೆಗೆ ಬರಿಯ ಎರಡು ಕಣ್ಣು ತುಂಬಿಕೊಳ್ಳುವ ಲಿಯೋನೆ ಚಿತ್ರಿಕೆಗಳ ಹಿಂದೆ ಈ ತಾಂತ್ರಿಕ ಅನುಕೂಲವೂ ಇದೆ. ಇನ್ನೊಂದು ಸಂಗತಿಯನ್ನು ಈಸ್ಟ್‌ವುಡ್ ಸಂದರ್ಶನಗಳಲ್ಲಿ ಹೇಳಿದ್ದಾರೆ: ಗುಂಡು ಹಾರಿಸುವವನನ್ನೂ ಗುಂಡೇಟು ತಿಂದು ಬೀಳುವವನನ್ನೂ ಒಂದೇ ಚೌಕಟ್ಟಿನಲ್ಲಿ ತೋರಿಸಬಾರದೆಂಬ ಕಟ್ಟುಪಾಡು ಹಾಲಿವುಡ್‌ನಲ್ಲಿತ್ತು, ಲಿಯೋನೆಗೆ ಅದು ಗೊತ್ತಿರಲಿಲ್ಲ, ಗೊತ್ತಿದ್ದ ತಾನು ಹೇಳಲಿಲ್ಲ. ಹೇಸರಗತ್ತೆಯ ಪ್ರಸಂಗವನ್ನು ಮತ್ತೊಮ್ಮೆ ನೋಡಿ. ಪಿಸ್ತೂಲು ಹಿಡಿದ ಕೈಯ ಹಿಂದಿನಿಂದ ನಾವು ನೋಡುತ್ತೇವೆ, ಬೀಳುವವರು ಎದುರಿಗಿದ್ದಾರೆ. ಕೊಂದವನಿಗೂ ಸತ್ತವನಿಗೂ ನಡುವೆ ಕತ್ತರಿ ಇಲ್ಲದಿರುವುದರಿಂದ ಹೊಣೆಯಿಂದ ನುಣುಚಿಕೊಳ್ಳಲು ಆತನಿಗೂ ಆಗುವುದಿಲ್ಲ, ನಮಗೂ ಆಗುವುದಿಲ್ಲ.

ಸಂಗೀತದ ಬಗ್ಗೆ ನೀವು ಕೇಳಿಲ್ಲ, ಆದರೆ ಒಂದು ಮಾತು ಹೇಳದೆ ಇರಲಾರೆ. ಕೊನೆಯ ಕಾಳಗದಲ್ಲಿ ಕೇಳುವ ತುತ್ತೂರಿಯ ರಾಗಕ್ಕೆ ಬೇರೊಂದು ಅಮೆರಿಕನ್ ಚಿತ್ರದಲ್ಲಿ ಬಳಸಿದ್ದ ಸಾವಿನ ಕರೆಯನ್ನೇ ಹಾಕಬೇಕೆಂದು ಲಿಯೋನೆ ಪಟ್ಟುಹಿಡಿದಿದ್ದರು. ಚಿತ್ರದ ಸಂಗೀತ ನಿರ್ದೇಶಕ ಎನ್ನಿಯೊ ಮೊರಿಕೋನೆ ಒಪ್ಪಲಿಲ್ಲ. ಅವರು ಕೆಲವು ವರ್ಷಗಳ ಹಿಂದೆ ಯೂಜೀನ್ ಓನೀಲ್ ಅವರ ಕಡಲ ನಾಟಕಗಳ ಟೆಲಿವಿಷನ್ ರೂಪಕ್ಕೆ ರಚಿಸಿದ್ದ ಒಂದು ಲಾಲಿಹಾಡನ್ನು ತೆಗೆದು, ಅದನ್ನೇ ತುತ್ತೂರಿಗೆ ಹೊಂದಿಸಿದರು. ನುಡಿಸಿದವರು ಮಿಕೆಲೆ ಲಚೆರೆನ್ಜಾ. ಮಗುವನ್ನು ಮಲಗಿಸಲು ಹುಟ್ಟಿದ ರಾಗದಲ್ಲಿ ರಾಮೋನ್‌ನ ಸಾವು ನಡೆಯುತ್ತದೆ. ಶೀರ್ಷಿಕೆಯ ಸಂಗೀತದ ಶಿಳ್ಳೆ ಅಲೆಸ್ಸಾಂದ್ರೊ ಅಲೆಸ್ಸಾಂದ್ರೋನಿ ಅವರದು. ಹಿಂದೆ ಅಮೆರಿಕದ ಜನಪದ ಗಾಯಕ ವುಡಿ ಗಥ್ರಿ ಅವರ ಒಂದು ಹಾಡಿಗೆ ಮೊರಿಕೋನೆ ಮಾಡಿದ್ದ ವಾದ್ಯಸಂಯೋಜನೆಯಿಂದ ಗಾಯನವನ್ನು ತೆಗೆದು ಉಳಿದದ್ದನ್ನು ಹೊಸದಾಗಿ ಕಟ್ಟಿದ್ದರ ಫಲ ಅದು.

ಇನ್ನು ನಕಲಿನ ಪ್ರಶ್ನೆ. ಇದರಲ್ಲಿ ಮುಚ್ಚುಮರೆ ಬೇಡ: ಅಕಿರಾ ಕುರೊಸಾವಾ ಅವರ ‘ಯೋಜಿಂಬೊ’ 1961ರ ಚಿತ್ರ, ಲಿಯೋನೆ ಅದರ ಕಥಾಹಂದರವನ್ನು ಅನುಮತಿಯಿಲ್ಲದೆ ಎತ್ತಿಕೊಂಡರು. ಒಂದು ಊರು, ಎರಡು ಗುಂಪು, ಇಬ್ಬರಿಗೂ ತನ್ನನ್ನು ಮಾರಿಕೊಳ್ಳುವ ಅಲೆಮಾರಿ, ಬಂಧಿತ ತಾಯಿಯ ಬಿಡುಗಡೆ, ಅದರಿಂದ ಬೀಳುವ ಪೆಟ್ಟು, ಶವಪೆಟ್ಟಿಗೆ ಮಾಡುವವನು, ಎಲ್ಲವೂ ಅಲ್ಲಿವೆ. ಅಂದರೆ ಮೇಲೆ ನಾನು ಹೊಗಳಿದ ನೈತಿಕ ಲೆಕ್ಕದ ಮೂಲ ಯಜಮಾನರು ಕುರೊಸಾವಾ ಮತ್ತು ಅವರ ಸಹಲೇಖಕ ಕಿಕುಶಿಮಾ. ಚಿತ್ರ ಒಳ್ಳೆಯದೇ, ಆದರೆ ಅದು ನನ್ನ ಚಿತ್ರ ಎಂಬರ್ಥದಲ್ಲಿ ಕುರೊಸಾವಾ ಲಿಯೋನೆಗೆ ಪತ್ರ ಬರೆದದ್ದು ಪ್ರಸಿದ್ಧ. ಲಿಯೋನೆ ಕಡೆಯವರು ಹದಿನೆಂಟನೆಯ ಶತಮಾನದ ಇಟಾಲಿಯನ್ ನಾಟಕಕಾರ ಗೊಲ್ದೋನಿಯ ನಾಟಕದಲ್ಲೂ ಇಬ್ಬರು ಯಜಮಾನರ ಸೇವಕನೊಬ್ಬ ಇದ್ದಾನೆಂದು ವಾದಿಸಿ ನೋಡಿದರು, ಅದು ನಿಲ್ಲಲಿಲ್ಲ. ವ್ಯಾಜ್ಯ ರಾಜಿಯಲ್ಲಿ ಮುಗಿದಾಗ ಜಪಾನಿನವರಿಗೆ ಚಿತ್ರದ ಜಾಗತಿಕ ಗಳಿಕೆಯಲ್ಲಿ ಶೇ. 15 ಪಾಲು ಹಾಗೂ ಜಪಾನ್, ತೈವಾನ್, ದಕ್ಷಿಣ ಕೊರಿಯಾಗಳ ವಿತರಣೆಯ ಹಕ್ಕು ಸಿಕ್ಕಿತು. ಅಮೆರಿಕದಲ್ಲಿ ಬಿಡುಗಡೆ 1967ರವರೆಗೆ ತಡವಾಗಲು ಈ ವ್ಯಾಜ್ಯ ಒಂದು ಮುಖ್ಯ ಕಾರಣ.

ಕಥೆ ಸಾಲದ್ದು ಎಂದ ಮಾತ್ರಕ್ಕೆ ಚಿತ್ರವೂ ಸಾಲದ್ದು ಎನ್ನಲಾಗದು. ‘ಯೋಜಿಂಬೊ’ದಲ್ಲಿ ತೊಶಿರೊ ಮಿಫುನೆ ನಟಿಸಿದ ಸಮುರಾಯ್‌ಗೆ ಒಂದು ಹಿನ್ನೆಲೆ ಇದೆ. ಒಡೆಯನನ್ನು ಕಳೆದುಕೊಂಡ ಯೋಧನಿಗೆ ಹಳೆಯ ವ್ಯವಸ್ಥೆಯ ನೆನಪು, ಅದರ ಒಂದು ಗತ್ತು, ವರ್ತಕರ ಬಗೆಗೆ ತಿರಸ್ಕಾರ ಉಳಿದಿರುತ್ತದೆ. ಆತ ಕಾವಲು ಗೋಪುರ ಹತ್ತಿ ಕುಳಿತು ಎರಡೂ ಗುಂಪುಗಳ ಪರದಾಟ ನೋಡಿ ನಗುತ್ತಾನೆ. ಈಸ್ಟ್‌ವುಡ್‌ನ ಆಗಂತುಕನಿಗೆ ಕಳೆದುಕೊಳ್ಳಲು ಅಂಥ ಯಾವ ವ್ಯವಸ್ಥೆಯೂ ಇರಲಿಲ್ಲ, ಆದ್ದರಿಂದ ಆತನ ನಗುವೂ ಅಪರೂಪ. ಅಂತ್ಯವೂ ಬೇರೆ. ಅಲ್ಲಿ ಪಿಸ್ತೂಲು ಹಿಡಿದ ಆಧುನಿಕ ಖಳನನ್ನು ಸಮುರಾಯ್ ಎಸೆದ ಚಾಕುವಿನಿಂದ ಗೆಲ್ಲುತ್ತಾನೆ. ಇಲ್ಲಿ ಪಿಸ್ತೂಲಿನವನು ರೈಫಲ್ ಹಿಡಿದವನ ಎದುರು ಬದುಕಲಾರ ಎಂದು ಬಡಾಯಿ ಕೊಚ್ಚಿಕೊಂಡ ರಾಮೋನ್ ಆಗಂತುಕನ ಎದೆಗೆ ಗುರಿಯಿಟ್ಟು ಹೊಡೆಯುತ್ತಾನೆ, ಆಗಂತುಕ ಬೀಳುತ್ತಾನೆ, ಮತ್ತೆ ಎದ್ದು ನಿಲ್ಲುತ್ತಾನೆ, ಎದೆಗೇ ಹೊಡೆ ಎಂದು ಕೆಣಕುತ್ತಾನೆ, ಕೊನೆಗೆ ಪೋಂಚೊ ಎತ್ತಿ ಕಬ್ಬಿಣದ ತಗಡು ತೋರಿಸುತ್ತಾನೆ. ರಾಮೋನ್ ತನ್ನ ಗುರಿಯ ಬಗ್ಗೆ ಇಟ್ಟ ಹೆಮ್ಮೆಯೇ ಅವನ ಸಾವಿಗೆ ದಾರಿಯಾಗುತ್ತದೆ. ಹುಡುಗನ ಹೆಸರು ಹೆಸೂಸ್ ಎಂದಿರುವುದು, ಬಡ ತಂದೆ ತಾಯಿ ಮಗು ರಾತ್ರೋರಾತ್ರಿ ಊರು ಬಿಟ್ಟು ಪಲಾಯನ ಮಾಡುವುದು, ಸತ್ತನೆಂದುಕೊಂಡವನು ಗುಹೆಯಂಥ ಗಣಿಯಲ್ಲಿದ್ದು ಮರಳಿ ಬರುವುದು, ಇವೆಲ್ಲ ಕ್ಯಾಥೊಲಿಕ್ ಇಟಲಿಯ ಪ್ರೇಕ್ಷಕರಿಗೆ ತಟ್ಟನೆ ಹೊಳೆಯುವ ಸಂಕೇತಗಳು. ಕುರೊಸಾವಾ ಚಿತ್ರದಲ್ಲಿ ಇವಕ್ಕೆ ಜಾಗವಿರಲಿಲ್ಲ. ರಾಮೋನ್ ಪಾತ್ರದ ಜಾನ್ ಮರಿಯಾ ವೊಲೊಂಟೆ ರಂಗಭೂಮಿಯಿಂದ ಬಂದ ದೊಡ್ಡ ನಟ. ಅವರ ಅಬ್ಬರ, ಬೆವರು, ಅಳುಕು ಇಲ್ಲದಿದ್ದರೆ ಈಸ್ಟ್‌ವುಡ್‌ನ ಮೌನಕ್ಕೆ ಅರ್ಧ ಬೆಲೆಯೂ ಬರುತ್ತಿರಲಿಲ್ಲ. ಇಟಲಿಯ ಪ್ರೇಕ್ಷಕರು ಇದನ್ನು ಅಮೆರಿಕನ್ ಚಿತ್ರವೆಂದೇ ನಂಬಲಿ ಎಂದು ಮೊದಲ ಬಿಡುಗಡೆಯಲ್ಲಿ ವೊಲೊಂಟೆ ಜಾನ್ ವೆಲ್ಸ್ ಆದರು, ಮೊರಿಕೋನೆ ಡ್ಯಾನ್ ಸಾವಿಯೊ ಆದರು, ಲಿಯೋನೆ ಬಾಬ್ ರಾಬರ್ಟ್‌ಸನ್ ಆದರು. ಕೊನೆಯದರಲ್ಲಿ ಒಂದು ಗುಟ್ಟಿದೆ: ಮೂಕಿ ಚಿತ್ರಗಳ ನಿರ್ದೇಶಕರಾಗಿದ್ದ ಅವರ ತಂದೆ ರೊಬೆರ್ತೊ ರೊಬೆರ್ತಿ ಎಂಬ ಹೆಸರಿನಲ್ಲಿ ಕೆಲಸ ಮಾಡುತ್ತಿದ್ದರು.

ಈ ಪರಂಪರೆ ನಮ್ಮ ಅಂಗಳಕ್ಕೂ ಬಂದಿತ್ತು. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ ‘ಶೋಲೆ’ಯಲ್ಲಿ ಠಾಕೂರ್ ಕುಟುಂಬದ ಹತ್ಯೆಯ ದೃಶ್ಯ ಲಿಯೋನೆ 1968ರಲ್ಲಿ ತೆಗೆದ ವೆಸ್ಟರ್ನ್‌ಗೆ ಋಣಿಯಾಗಿರುವುದು ಎದ್ದು ಕಾಣುತ್ತದೆ. ಆದರೆ ಅಲ್ಲಿ ಕೂಲಿಗಾಗಿ ಬಂದ ಜೈ ಮತ್ತು ವೀರುವಿಗೆ ಸ್ನೇಹವಿದೆ, ಪ್ರೇಮವಿದೆ, ಹಾಡಿದೆ, ಕಾಪಾಡಲು ಹಬ್ಬ ಮಾಡುವ ಒಂದು ಜೀವಂತ ಊರಿದೆ; ಮುಂಗಡ ಪಡೆದ ಹಣವನ್ನು ಹಿಂತಿರುಗಿಸುವಷ್ಟು ಮನಸ್ಸು ಕರಗುತ್ತದೆ. ಈ ಬಗೆಯ ಕರಗುವಿಕೆಗೆ ಒಗ್ಗಿಕೊಂಡ ಕಣ್ಣಿಗೆ ಸಾನ್ ಮಿಗೆಲ್‌ನ ಆಗಂತುಕ ತೀರಾ ತಣ್ಣಗೆ ಕಾಣುವುದು ಸಹಜವೇ.

ಇಟಲಿಯಲ್ಲಿ ಇದರ ಬೆನ್ನಿಗೇ ನೂರಾರು ವೆಸ್ಟರ್ನ್‌ಗಳು ಬಂದವು. ಸರ್ಜಿಯೊ ಕೊರ್ಬುಚ್ಚಿ 1966ರಲ್ಲಿ ಕೆಸರಿನಲ್ಲಿ ಶವಪೆಟ್ಟಿಗೆ ಎಳೆದುಕೊಂಡು ಬರುವ ‘ಜಾಂಗೊ’ವನ್ನು ತಂದರು, ಅದು ನನಗೆ ಇಷ್ಟವಾದ ಚಿತ್ರ. ಉಳಿದವರಲ್ಲಿ ಬಹುತೇಕರು ಕುರುಚಲು ಗಡ್ಡವನ್ನೂ ಸಿಗಾರನ್ನೂ ಎತ್ತಿಕೊಂಡರು, ಮರಿಸೋಲ್‌ಳ ದೃಶ್ಯವನ್ನು ಬಿಟ್ಟರು. ಆ ಚಿತ್ರಗಳ ನಾಯಕರ ಬಗ್ಗೆ ನೀವು ಇದೇ ಪ್ರಶ್ನೆ ಕೇಳಿದ್ದರೆ ನನ್ನ ಉತ್ತರ ತುಂಬಾ ಚಿಕ್ಕದಾಗುತ್ತಿತ್ತು.

ಪ್ರತಿಯ ವಿಷಯಕ್ಕೆ ಮರಳಿ: ಬೊಲೊನ್ಯಾದ ಸಿನಿಮಾ ಸಂಗ್ರಹಾಗಾರವು ಪುನರುಜ್ಜೀವನಗೊಳಿಸಿದ ಪ್ರತಿಯನ್ನು 2014ರ ಕಾನ್ ಚಿತ್ರೋತ್ಸವದ ಸಮಾರೋಪ ಚಿತ್ರವಾಗಿ ಪ್ರದರ್ಶಿಸಲಾಗಿತ್ತು, ಅದನ್ನು ಆಧರಿಸಿದ, ಸುಮಾರು 100 ನಿಮಿಷಗಳ ಪ್ರತಿ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಧ್ವನಿಪಥದ ಆಯ್ಕೆಯಲ್ಲಿ ಇಟಾಲಿಯನ್ನೇ ಮೂಲವೆಂದು ಪಟ್ಟುಹಿಡಿಯಬೇಕಾದ ಅಗತ್ಯವಿಲ್ಲ, ಏಕೆಂದರೆ ಎರಡೂ ಡಬ್ಬಿಂಗ್ ಮಾಡಿದವೇ: ಇಂಗ್ಲಿಷ್‌ನಲ್ಲಿ ಈಸ್ಟ್‌ವುಡ್ ತಮ್ಮದೇ ಕಂಠ ಕೊಟ್ಟಿದ್ದಾರೆ, ಇಟಾಲಿಯನ್‌ನಲ್ಲಿ ಅವರಿಗೆ ಕಂಠ ಕೊಟ್ಟವರು ಎನ್ರಿಕೊ ಮರಿಯಾ ಸಲೆರ್ನೊ ಎಂಬ ಹೆಸರಾಂತ ನಟ. ಈಸ್ಟ್‌ವುಡ್‌ಗಾಗಿ ಮೊದಲ ಸಲ ಇಂಗ್ಲಿಷಿನಲ್ಲಿ ನೋಡಿ, ಸಲೆರ್ನೊ ಅವರ ಕಂಠಕ್ಕಾಗಿ ಎರಡನೆಯ ಸಲ ಇಟಾಲಿಯನ್‌ನಲ್ಲಿ ನೋಡಬಹುದು. ಜೈಲಿನ ಪೀಠಿಕೆ ಕೆಲವು ಡಿವಿಡಿಗಳಲ್ಲಿ ಹೆಚ್ಚುವರಿ ಭಾಗವಾಗಿ ಸೇರಿದೆ. ಅದನ್ನು ಚಿತ್ರ ಮುಗಿದ ನಂತರವೇ ಹಾಕಿಕೊಳ್ಳಿ.